ಹೊಸ ಅನಿಮೋನ್ ಮುದುಡಿ ಕೂತಿದೆಯೇ? ಮೊದಲು ಬಾಯಿ ನೋಡಿ, ಬುಡ ನೋಡಿ

ಹಾಸನ, ಚಿಕ್ಕಮಗಳೂರು ಕಡೆ ಉಪ್ಪುನೀರಿನ ಟ್ಯಾಂಕ್ ಇಟ್ಟವರೇ ಕಡಿಮೆ. ಹೂವಿನ ಹಾಗೆ ಅರಳಿ ಕೂರುವ ಸಮುದ್ರದ ಪ್ರಾಣಿ ಅನಿಮೋನ್, ಅದನ್ನು ಸಾಕುವವರು ಇನ್ನೂ ಕಡಿಮೆ. ಹಾಗಾಗಿ ಹೊಸದಾಗಿ ತಂದ ಅನಿಮೋನ್ ಮಾರನೇ ದಿನ ಮುದುಡಿಕೊಂಡರೆ, ಬಂದು ನೋಡಿ ಹೇಳುವವರು ಹತ್ತಿರದಲ್ಲಿ ಸಿಗುವುದಿಲ್ಲ. ತಂದ ಅಂಗಡಿಗೆ ಫೋನ್ ಮಾಡಿದರೆ 'ಎರಡು ದಿನ ನೋಡಿ ಸಾರ್' ಅನ್ನುತ್ತಾರೆ. ಎಷ್ಟೋ ಸಲ ಆ ಮಾತು ಸರಿ. ಕೆಲವು ಸಲ ಆ ಎರಡು ದಿನದಲ್ಲೇ ಪ್ರಾಣಿ ಕೈತಪ್ಪಿ ಹೋಗುತ್ತದೆ. ಯಾವಾಗ ಸುಮ್ಮನೆ ಕಾಯಬೇಕು, ಯಾವಾಗ ಕೂಡಲೇ ಕೈ ಹಾಕಬೇಕು ಎಂದು ಬಿಡಿಸಿ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಇಲ್ಲಿ ಹೇಳುವುದು ಮುಖ್ಯವಾಗಿ ಬಬಲ್ ಟಿಪ್ ಅನಿಮೋನ್ ಬಗ್ಗೆ. ಮೊದಲ ಸಲ ಸಾಕುವವರಿಗೆ ಅದೇ ತಕ್ಕದ್ದು. ಅದು ಟ್ಯಾಂಕಿನೊಳಗೇ ಎರಡಾಗಿ ಸೀಳಿಕೊಂಡು ಹೆಚ್ಚುತ್ತದೆ. ಹಾಗೆ ಟ್ಯಾಂಕಿನಲ್ಲೇ ಹುಟ್ಟಿದ್ದನ್ನು ಕೇಳಿ ತನ್ನಿ. ಸಮುದ್ರದಿಂದ ಕಿತ್ತು ತಂದದ್ದಕ್ಕಿಂತ ಅದು ಎಷ್ಟೋ ಗಟ್ಟಿ. ಕಾರ್ಪೆಟ್, ಮ್ಯಾಗ್ನಿಫಿಸೆಂಟ್ ಜಾತಿಗಳು ಪ್ರಯಾಣ ತಡೆದುಕೊಳ್ಳುವುದು ಕಷ್ಟ. ಅವನ್ನು ಮೊದಲ ಸಲಕ್ಕೇ ತರುವುದು ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ.

ಮೈ ಕುಗ್ಗಿದ್ದು ರೋಗ ಅಲ್ಲದಿರಬಹುದು

ಅನಿಮೋನ್‌ಗೆ ಮೂಳೆ ಇಲ್ಲ, ಚಿಪ್ಪೂ ಇಲ್ಲ. ಮೈತುಂಬ ನೀರು ತುಂಬಿಕೊಂಡೇ ಅದು ನಿಲ್ಲುವುದು. ಊಟ ಒಳಗೆ ಹೋಗುವುದೂ ಕಸ ಹೊರಗೆ ಬರುವುದೂ ಒಂದೇ ಬಾಯಿಂದ. ಒಳಗಿನ ಹಳೇ ನೀರನ್ನೂ ಕಸವನ್ನೂ ಹೊರಹಾಕಬೇಕಾದರೆ ಮೈ ಕುಗ್ಗಿಸಲೇಬೇಕು. ಆರೋಗ್ಯವಾಗಿರುವ ಅನಿಮೋನ್ ಕೂಡ ದಿನದಲ್ಲಿ ಒಮ್ಮೆ, ರಾತ್ರಿ ಹೊತ್ತು ಅಥವಾ ಊಟವಾದ ಮಾರನೇ ದಿನ ಮುಷ್ಟಿ ಗಾತ್ರಕ್ಕೆ ಇಳಿದು ಕೆಲವು ಗಂಟೆಗಳಲ್ಲಿ ಮತ್ತೆ ಅರಳುತ್ತದೆ. ಬಾಯಿಂದ ಕಂದು ಬಣ್ಣದ ಲೋಳೆ ಎಳೆ ಎಳೆಯಾಗಿ ಬಂದರೂ ಗಾಬರಿ ಬೇಡ. ಅದು ಕಸ, ಜೊತೆಗೆ ಮೈಯೊಳಗೆ ಬದುಕುವ ಪಾಚಿಯಲ್ಲಿ ಹೆಚ್ಚಾದದ್ದು.

ಆದ್ದರಿಂದ ಗಾತ್ರ ನೋಡಿ ಏನನ್ನೂ ತೀರ್ಮಾನಿಸಬೇಡಿ. ಬಾಯಿ ನೋಡಿ. ಅದು ಹೊಲಿಗೆ ಹಾಕಿದ ಹಾಗೆ ಬಿಗಿಯಾಗಿ ಮುಚ್ಚಿರಬೇಕು. ಪ್ರಯಾಣ ಮುಗಿಸಿ ಬಂದ ದಿನ ಸ್ವಲ್ಪ ಸಡಿಲವಾಗಿ ಕಂಡರೆ ಪರವಾಗಿಲ್ಲ. ಮಾರನೇ ದಿನವೂ ಬಾಯಿ ಅಗಲವಾಗಿ ತೆರೆದೇ ಇದ್ದು ಒಳಭಾಗ ಕಾಣುತ್ತಿದ್ದರೆ ಅದು ತೊಂದರೆ. ಒಳಗಿಂದ ಬಿಳಿ ದಾರದಂಥವು ಹೊರಗೆ ಜೋತುಬಿದ್ದಿದ್ದರೆ ತುರ್ತು.

ಆಮೇಲೆ ಬುಡ. ಬಬಲ್ ಟಿಪ್ ತನ್ನ ಬುಡವನ್ನು ಕಲ್ಲಿನ ಸಂದಿಯೊಳಗೆ ತೂರಿಸಿಕೊಳ್ಳುತ್ತದೆ, ಹಾಗಾಗಿ ಕಣ್ಣಿಗೆ ಕಾಣದಿರಬಹುದು. ಪಿಪೆಟ್ಟಿನಿಂದ ಮೆಲ್ಲಗೆ ನೀರು ಊದಿ ನೋಡಿ. ಬಾಯಿಯ ಸುತ್ತ ಬೆರಳಿನಂತೆ ಚಾಚಿರುವ ಟೆಂಟಕಲ್‌ಗಳು ಮಾತ್ರ ಅಲುಗಿ ಬುಡ ಕದಲದಿದ್ದರೆ ಒಳ್ಳೆಯದು. ಇಡೀ ದೇಹವೇ ಉರುಳಿದರೆ ಅದು ಇನ್ನೂ ಹಿಡಿದುಕೊಂಡಿಲ್ಲ. ಮೊದಲ ದಿನ ಹಾಗಾದರೆ ಕಾಯಬಹುದು. ಹಿಡಿದಿದ್ದ ಬುಡ ಎರಡು ಮೂರು ದಿನದ ಮೇಲೆ ಬಿಟ್ಟುಕೊಂಡರೆ ಕಾಯಬೇಡಿ.

ಮೂರನೆಯದು ಅಂಟು. ಪಿಪೆಟ್ಟಿನ ತುದಿಯನ್ನು ಟೆಂಟಕಲ್‌ಗೆ ತಾಗಿಸಿದರೆ ಅದು ಹಿಡಿದು ಎಳೆಯಬೇಕು. ಬರಿ ಬೆರಳು ಬೇಡ. ಅಂಗೈ ಚರ್ಮಕ್ಕೆ ಅಷ್ಟಾಗಿ ಗೊತ್ತಾಗದಿದ್ದರೂ ಕೆಲವರಿಗೆ ಉರಿ, ಗಂದೆ ಬರುತ್ತದೆ. ಅದೇ ಕೈ ಕಣ್ಣಿಗೆ ಹೋದರೆ ಕಷ್ಟ.

ಬಾಯಿ ಮುಚ್ಚಿದೆ, ಬುಡ ಹಿಡಿದಿದೆ, ಅಂಟು ಇದೆ, ಆದರೆ ಮೈ ಮಾತ್ರ ಆಗಾಗ ಕುಗ್ಗಿ ಹಿಗ್ಗುತ್ತಿದೆ ಅನ್ನಿ. ಲೈಟ್ ಸ್ವಲ್ಪ ಕಡಿಮೆ ಮಾಡಿ ಬಿಟ್ಟುಬಿಡಿ. ಜಾಗ ಬದಲಿಸಬೇಡಿ, ಊಟ ಕೊಡಬೇಡಿ, ಟಾರ್ಚ್ ಹಾಕಿ ಗಂಟೆಗೊಮ್ಮೆ ನೋಡಬೇಡಿ. ಹೊಸ ಅನಿಮೋನ್‌ಗೆ ಮೊದಲ ವಾರ ಬೇಕಿರುವುದು ಅಷ್ಟೇ. ಈ ಮೂರರಲ್ಲಿ ಒಂದು ಕೈಕೊಟ್ಟರೂ ಕಾರಣ ಹುಡುಕಲು ಶುರು ಮಾಡಬೇಕು.

ನಡೆದಾಡುತ್ತಿದ್ದರೆ ಮೊದಲು ವೇವ್‌ಮೇಕರ್ ನೋಡಿ

ಮನೆ ಟ್ಯಾಂಕುಗಳಲ್ಲಿ ಅನಿಮೋನ್‌ಗೆ ಒಂದು ದೊಡ್ಡ ಅಪಾಯ ರೋಗದ್ದಲ್ಲ, ನೀರನ್ನು ಆಡಿಸುವ ಫ್ಯಾನಿನದು, ಅಂದರೆ ವೇವ್‌ಮೇಕರ್‌ನದು. ಹೊಸ ಜಾಗಕ್ಕೆ ಬಂದದ್ದು ಸರಿಯಾದ ಬೆಳಕು, ಹರಿವು ಹುಡುಕುತ್ತಾ ನಡೆಯುತ್ತದೆ. ಹೆಚ್ಚಾಗಿ ರಾತ್ರಿ, ಲೈಟ್ ಆರಿದ ಮೇಲೆ. ವೇವ್‌ಮೇಕರ್ ಹತ್ತಿರ ಹೋದರೆ ಒಂದು ಟೆಂಟಕಲ್ ಎಳೆದುಕೊಂಡರೂ ಸಾಕು, ಬೆಳಗ್ಗೆ ನೀರೆಲ್ಲ ಬೆಳ್ಳಗಾಗಿ ಮೀನುಗಳೂ ಉಸಿರಿಗೆ ಒದ್ದಾಡುತ್ತಿರುತ್ತವೆ. ಆದ್ದರಿಂದ ಅನಿಮೋನ್ ಬರುವ ಮುಂಚೆಯೇ ವೇವ್‌ಮೇಕರ್‌ಗೆ ಸ್ಪಂಜಿನ ಕವಚ ಅಥವಾ ಸಣ್ಣ ಕಣ್ಣಿನ ಪ್ಲಾಸ್ಟಿಕ್ ಜಾಲರಿ ಹಾಕಿ. ನೀರು ಇಳಿಯುವ ಬಾಯಿಗೆ, ಹೀಟರ್‌ಗೆ ಕೂಡ. ಸ್ಪಂಜು ವಾರಕ್ಕೆರಡು ಸಲ ತೊಳೆಯಬೇಕು, ಇಲ್ಲದಿದ್ದರೆ ಹರಿವು ಕಡಿಮೆಯಾಗಿ ಅದೇ ಇನ್ನೊಂದು ಕಾಟ.

ಸಿಕ್ಕಿಹಾಕಿಕೊಂಡದ್ದು ಕಂಡರೆ ಮೊದಲು ಪ್ಲಗ್ ತೆಗೆಯಿರಿ, ಆಮೇಲೆ ಕೈ ಹಾಕಿ. ಎಳೆಯಬೇಡಿ. ನೀರಿನೊಳಗೇ ಪಂಪಿನ ಮುಂದಿನ ಬುಟ್ಟಿ ಬಿಚ್ಚಿ, ಸಿಕ್ಕ ಭಾಗವನ್ನು ಬಿಡಿಸಿ. ತುಂಡಾದ ಚೂರುಗಳನ್ನು ಹೊರಗೆ ತೆಗೆದು, ಟ್ಯಾಂಕಿನ ಕಾಲುಭಾಗ ನೀರು ಬದಲಿಸಿ, ಅಕ್ವೇರಿಯಂ ಇದ್ದಿಲು (ಆ್ಯಕ್ಟಿವೇಟೆಡ್ ಕಾರ್ಬನ್) ಹಾಕಿ. ಬಾಯಿ ಮತ್ತು ಬುಡ ಉಳಿದಿದ್ದರೆ ಟೆಂಟಕಲ್ ಹರಿದ ಗಾಯ ಮಾಯುತ್ತದೆ. ಬುಡ ಹರಿದರೆ ಬದುಕುವುದು ಕಷ್ಟ.

ಎತ್ತ ಕಡೆ ನಡೆಯುತ್ತಿದೆ ಅನ್ನುವುದೂ ಒಂದು ಸುಳಿವು. ಗಾಜು ಹತ್ತಿ ಮೇಲೆ ಲೈಟಿನ ಕಡೆ ಹೋಗುತ್ತಿದ್ದರೆ ಬೆಳಕು ಸಾಲದು. ಕಲ್ಲಿನ ಹಿಂದೆ ನೆರಳಿಗೆ ನುಸುಳಿದರೆ ಬೆಳಕು ಜಾಸ್ತಿ. ದಿನವೂ ಜಾಗ ಬದಲಿಸುತ್ತಿದ್ದರೆ ನೀರಿನಲ್ಲೇ ಏನೋ ಸರಿ ಇಲ್ಲ. ನಿಮಗೆ ಇಷ್ಟವಾದ ಜಾಗದಲ್ಲಿ ಕೂರಲಿ ಎಂದು ಬುಡ ಕಿತ್ತು ತಂದು ಇಡುವ ಕೆಲಸ ಮಾತ್ರ ಬೇಡ. ಅದು ಆರಿಸಿಕೊಂಡ ಕಡೆಯೇ ಇರಲಿ, ಬೇಕಾದರೆ ಪಕ್ಕದ ಹವಳವನ್ನು ಸರಿಸಿ.

ಚಳಿ

ಚೆನ್ನೈ, ಮಂಗಳೂರಿನ ಸ್ನೇಹಿತರು ಕೊಡುವ ಸಲಹೆ 'ಚಿಲ್ಲರ್ ಹಾಕಿ' ಎಂದು. ನಮಗೆ ಬೇಕಾದದ್ದು ಅದರ ಉಲ್ಟಾ. ಹಾಸನವೂ ಚಿಕ್ಕಮಗಳೂರೂ ಸಮುದ್ರಮಟ್ಟದಿಂದ ಸುಮಾರು 1,000 ಮೀಟರ್ ಎತ್ತರದಲ್ಲಿವೆ. ಡಿಸೆಂಬರ್, ಜನವರಿ ರಾತ್ರಿ ಹೊರಗಿನ ತಾಪ 15 ಡಿಗ್ರಿ ಆಸುಪಾಸಿಗೆ ಬರುತ್ತದೆ. ಅನಿಮೋನ್‌ಗೆ ಬೇಕಾದದ್ದು 24ರಿಂದ 27 ಡಿಗ್ರಿ, ಅದೂ ಏರಿಳಿತವಿಲ್ಲದೆ.

ಇಲ್ಲಿ ತಪ್ಪು ಹಿಡಿಯುವುದು ಸುಲಭ, ಆದರೆ ನೋಡುವ ಹೊತ್ತು ಸರಿ ಇರಬೇಕು. ಸಂಜೆ ಮನೆಗೆ ಬಂದು ಥರ್ಮಾಮೀಟರ್ ನೋಡಿದರೆ 26 ಇರುತ್ತದೆ. ಬೆಳಗಿನ ಜಾವ ನೋಡಿ. 22 ಇದ್ದರೆ ಕಾರಣ ಸಿಕ್ಕಿತು. ಅನಿಮೋನ್ ಬೆಳಗ್ಗೆ ಮುದುಡಿ ಮಧ್ಯಾಹ್ನ ಅರಳುತ್ತಿದ್ದರೆ ಈ ಅನುಮಾನ ಮೊದಲು ಬರಬೇಕು. ಲೀಟರಿಗೆ ಒಂದು ವಾಟ್ ಹೀಟರ್ ಎಂಬ ಲೆಕ್ಕ ಆರ್‌ಸಿಸಿ ಮನೆಗೆ ಸಾಕು. ಗಾಳಿಯಾಡುವ ಹೆಂಚಿನ ಮನೆಯಾದರೆ ಒಂದೂವರೆ ವಾಟ್ ಇಟ್ಟುಕೊಳ್ಳಿ. ಒಂದು ದೊಡ್ಡ ಹೀಟರ್ ಬದಲು ಎರಡು ಚಿಕ್ಕವು ಹಾಕಿ. ಒಂದು ಕೆಟ್ಟರೆ ಇನ್ನೊಂದು ರಾತ್ರಿ ಕಳೆಯಲು ಸಾಕಾಗುತ್ತದೆ. ಒಂದು ಆಫ್ ಆಗದೆ ನಿಂತರೂ ನೀರು ಬೇಯುವುದಿಲ್ಲ.

ಮಲೆನಾಡಿನ ಮಳೆಗಾಲದಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೆ ಎಂದು ಹೇಳಲಾಗದು. ಇನ್ವರ್ಟರ್ ಮೇಲೆ ಹೀಟರ್ ಹಾಕಿದರೆ ಬ್ಯಾಟರಿ ಬೇಗ ಇಳಿಯುತ್ತದೆ. ವೇವ್‌ಮೇಕರ್ ಒಂದನ್ನು ಮಾತ್ರ ಇನ್ವರ್ಟರ್‌ಗೆ ಕೊಡಿ. ನೀರು ಆಡುತ್ತಿದ್ದರೆ ಆಮ್ಲಜನಕ ಸಿಗುತ್ತದೆ. ಟ್ಯಾಂಕ್ ಸುತ್ತ ದಪ್ಪ ಕಂಬಳಿ ಹೊದಿಸಿದರೆ ತಾಪ ನಿಧಾನವಾಗಿ ಇಳಿಯುತ್ತದೆ.

ಇದೇ ಚಳಿ ಪಾರ್ಸೆಲ್‌ನಲ್ಲೂ ಹೊಡೆಯುತ್ತದೆ. ರಾತ್ರಿ ಬಸ್ಸಿಗೆ ಹಾಕಿಸಿಕೊಳ್ಳುವುದಾದರೆ ಥರ್ಮೋಕೋಲ್ ಡಬ್ಬಿಯಲ್ಲೇ ಕಳಿಸಲು ಹೇಳಿ. ಬಂದ ಮೇಲೆ ಚೀಲವನ್ನು ಕಟ್ಟು ಬಿಚ್ಚದೆ ಇಪ್ಪತ್ತು ನಿಮಿಷ ಟ್ಯಾಂಕಿನಲ್ಲಿ ತೇಲಿಬಿಡಿ. ಆಮೇಲೆ ಬಿಚ್ಚಿ ಸಣ್ಣ ಪೈಪಿನಿಂದ ತೊಟ್ಟು ತೊಟ್ಟಾಗಿ ಟ್ಯಾಂಕಿನ ನೀರು ಬಿಡಿ. ಇದನ್ನು ನಾಲ್ಕೈದು ಗಂಟೆ ಎಳೆಯಬೇಡಿ. ಮುಚ್ಚಿದ ಚೀಲದಲ್ಲಿ ಅಮೋನಿಯಾ ಸೇರಿರುತ್ತದೆ. ಇಂಗಾಲದ ಡೈಆಕ್ಸೈಡ್ ಕೂಡ ಸೇರಿ ಪಿಎಚ್ ಇಳಿದಿರುವುದರಿಂದ ಆ ಅಮೋನಿಯಾ ಅಷ್ಟು ವಿಷವಾಗಿರುವುದಿಲ್ಲ. ಚೀಲ ಬಿಚ್ಚಿದೊಡನೆ ಪಿಎಚ್ ಏರುತ್ತದೆ, ಅದೇ ಅಮೋನಿಯಾ ಕಡು ವಿಷವಾಗುತ್ತದೆ. ಮುಕ್ಕಾಲು ಗಂಟೆಯೊಳಗೆ ಮುಗಿಸಿ. ಚೀಲದ ನೀರನ್ನು ಟ್ಯಾಂಕಿಗೆ ಸುರಿಯಬೇಡಿ.

ಉಪ್ಪಿನ ಅಳತೆ

ಸಾಂದ್ರತೆ 1.025ರಿಂದ 1.026, ಅಂದರೆ ಸಾವಿರಕ್ಕೆ ಸುಮಾರು 35 ಪಾಲು ಉಪ್ಪು. 1.022 ಇದ್ದರೆ ಮೀನು ಏನೂ ಹೇಳುವುದಿಲ್ಲ, ಅನಿಮೋನ್ ಹೇಳುತ್ತದೆ. ಉಪ್ಪು ಅಳೆಯುವ ರಿಫ್ರಾಕ್ಟೋಮೀಟರನ್ನು ಬರಿ ಶುದ್ಧ ನೀರಿನಲ್ಲಿ ಸೊನ್ನೆಗೆ ತಂದರೆ ಸಾಲದು. ಮೇಲಿನ ಅಳತೆಯಲ್ಲಿ ಅದು ತಪ್ಪು ತೋರಿಸಬಹುದು. 35ರ ಅಳತೆ ದ್ರಾವಣದಲ್ಲೇ ಸರಿಪಡಿಸಿ. ಮಾರ್ಚ್, ಏಪ್ರಿಲ್‌ನಲ್ಲಿ ನೀರು ಬೇಗ ಆವಿಯಾಗಿ ಉಪ್ಪು ಏರುತ್ತದೆ. ದಿನವೂ ಸಿಹಿನೀರು ತುಂಬಿಸಿ, ವಾರಕ್ಕೊಮ್ಮೆ ಬಕೆಟ್‌ಗಟ್ಟಲೆ ಬೇಡ. ಅಳತೆ ತಪ್ಪಿದ್ದು ಗೊತ್ತಾದರೂ ಒಂದೇ ದಿನದಲ್ಲಿ ಸರಿಮಾಡಬೇಡಿ. ದಿನಕ್ಕೆ 0.001ರಂತೆ ಸಾಕು.

ಕೆಲವರು ಮಂಗಳೂರಿಗೆ ಹೋದಾಗ ಕ್ಯಾನ್‌ಗಳಲ್ಲಿ ಸಮುದ್ರದ ನೀರೇ ತುಂಬಿಸಿಕೊಂಡು ಬರುತ್ತಾರೆ. ಮಳೆಗಾಲದಲ್ಲಿ ಅದು ಬೇಡ. ಮಂಗಳೂರಿನ ಹತ್ತಿರ ಕಡಲು ಸೇರುವ ನೇತ್ರಾವತಿ ಹುಟ್ಟುವುದೇ ನಮ್ಮ ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖದ ಬೆಟ್ಟಸಾಲಿನಲ್ಲಿ. ಇಲ್ಲಿ ಸುರಿದ ಮಳೆ ಮಣ್ಣಿನ ಸಮೇತ ಅಲ್ಲಿ ಕಡಲಿಗೆ ಸೇರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಡದ ಹತ್ತಿರದ ನೀರಿನಲ್ಲಿ ಉಪ್ಪು ಕಡಿಮೆ, ಕೆಸರು ಜಾಸ್ತಿ. ನೀರಿನ ಜೊತೆ ದಡದ ಹವಳ, ಕಲ್ಲು ಕಿತ್ತು ತರುವ ಯೋಚನೆಯೂ ಬೇಡ. ಕಲ್ಲುಹವಳಗಳಿಗೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ 2001ರಿಂದ ಹುಲಿಗಿರುವಷ್ಟೇ ರಕ್ಷಣೆ ಇದೆ.

ನೀರು ಎಲ್ಲಿಂದ ಬಂತು, ಯಾವುದರಲ್ಲಿ ಬಂತು

ನಮ್ಮ ಕಾಫಿ ಸೀಮೆಯಲ್ಲಿ ಮೊದಲು ಅನುಮಾನ ಪಡಬೇಕಾದದ್ದು ತಾಮ್ರ. ಬೇರೆ ಊರಿನವರು ಬರೆದ ಸಲಹೆಗಳಲ್ಲಿ ಇದು ಎಲ್ಲೋ ಕೊನೆಯಲ್ಲಿ ಒಂದು ಸಾಲಾಗಿ ಬರುತ್ತದೆ. ನಮ್ಮಲ್ಲಿ ಅದು ಮನೆ ಹಿತ್ತಿಲಲ್ಲೇ ಇದೆ.

ಮೂಡಿಗೆರೆ ಹತ್ತಿರದ ತೋಟದ ಮನೆಯ ಹುಡುಗನೊಬ್ಬ ಫೋನ್ ಮಾಡಿದ್ದ. "ಅಣ್ಣಾ, ಮೀನೆಲ್ಲ ಆರಾಮಾಗಿವೆ. ಅನಿಮೋನ್ ಮಾತ್ರ ಅರಳ್ತಾನೇ ಇಲ್ಲ. ಬಸವನಹುಳ ಎಲ್ಲಾ ಗಾಜು ಬಿಟ್ಟು ತಳಕ್ಕೆ ಬಿದ್ದಿವೆ."

"ಉಪ್ಪುನೀರು ಯಾವುದರಲ್ಲಿ ಕಲಸ್ತೀಯಪ್ಪಾ?"

"ನೀಲಿ ಡ್ರಮ್ಮಲ್ಲಿ. ಚೆನ್ನಾಗಿ ತೊಳೆದಿದ್ದೆ ಅಣ್ಣಾ."

"ಅದರಲ್ಲಿ ಮೊದಲು ಏನಿತ್ತು?"

ಸ್ವಲ್ಪ ತಡೆದು ಹೇಳಿದ. "ಔಷಧಿ ಹೊಡೆಯೋಕೆ ಇಟ್ಕೊಂಡಿದ್ವಿ."

ಕಾರಣ ಅದೇ. ಕಾಫಿಯ ಎಲೆ ತುಕ್ಕಿಗೆ, ಅಡಿಕೆಯ ಕೊಳೆರೋಗಕ್ಕೆ, ಮೆಣಸಿನ ಬಳ್ಳಿಯ ಸೊರಗು ರೋಗಕ್ಕೆ ನಾವು ಹೊಡೆಯುವ ಬೋರ್ಡೋ ದ್ರಾವಣ ಅಂದರೆ ಮೈಲುತುತ್ತ ಮತ್ತು ಸುಣ್ಣ. ಶೇಕಡಾ ಒಂದರ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ ಬೀಳುತ್ತದೆ. ಮೈಲುತುತ್ತ ತಾಮ್ರದ ಲವಣ. ಅನಿಮೋನ್, ಸೀಗಡಿ, ಬಸವನಹುಳು ಇವುಗಳಿಗೆ ತಾಮ್ರ ಲೀಟರಿಗೆ ಮಿಲಿಗ್ರಾಮಿನ ಸಣ್ಣ ಪಾಲಿನಷ್ಟಿದ್ದರೂ ವಿಷ. ಡ್ರಮ್ಮಿನ ಗೀರುಗಳಲ್ಲಿ, ಪೈಪಿನ ಒಳಗೋಡೆಯಲ್ಲಿ, ಮಗ್ಗಿನ ಅಡಿಯಲ್ಲಿ ಒಣಗಿ ಕೂತ ಪುಡಿ ಸೋಪಿಗೆ ಪೂರ್ತಿ ಹೋಗುವುದಿಲ್ಲ. ಟ್ಯಾಂಕಿನ ಬಕೆಟ್, ಮಗ್, ಪೈಪ್ ಎಲ್ಲವೂ ಹೊಸದಾಗಿ ತಂದು, ಹೆಸರು ಬರೆದು, ಬೇರೆ ಇಡಿ. ತೋಟದ ಕೆಲಸ ಮುಗಿಸಿ ಬಂದ ಕೈಯನ್ನು ಮೊಣಕೈವರೆಗೆ ತೊಳೆಯದೆ ಟ್ಯಾಂಕಿಗೆ ಹಾಕಬೇಡಿ.

ತಾಮ್ರ ಬರುವ ದಾರಿ ಇನ್ನೂ ಇವೆ. ಬಚ್ಚಲಮನೆಯ ತಾಮ್ರದ ಹಂಡೆ. ಚಳಿಗಾಲದಲ್ಲಿ ಉಪ್ಪು ಬೇಗ ಕರಗಲಿ ಎಂದು ಗೀಸರ್‌ನಿಂದ ಹಿಡಿದ ಬಿಸಿನೀರು, ಏಕೆಂದರೆ ಎಷ್ಟೋ ಗೀಸರ್‌ಗಳ ಒಳಭಾಗ ತಾಮ್ರದ್ದೇ. ಹಿತ್ತಾಳೆ ನಲ್ಲಿಯಲ್ಲಿ ರಾತ್ರಿಯಿಡೀ ನಿಂತ ನೀರು. ಹಿಂದೆ ಬಿಳಿ ಚುಕ್ಕೆ ರೋಗಕ್ಕೆ ತಾಮ್ರದ ಔಷಧಿ ಹಾಕಿದ್ದ ಸೆಕೆಂಡ್ ಹ್ಯಾಂಡ್ ಟ್ಯಾಂಕ್ ಮತ್ತು ಅದರ ಕಲ್ಲುಗಳು. ಸುಣ್ಣದ ಅಂಶವಿರುವ ಕಲ್ಲು ತಾಮ್ರವನ್ನು ಹೀರಿಕೊಂಡು ಆಮೇಲೆ ನಿಧಾನವಾಗಿ ಬಿಡುತ್ತದೆ.

ಅಡುಗೆಮನೆಯ ಆರ್‌ಓ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. 'ನಾನು ಆರ್‌ಓ ನೀರೇ ಹಾಕೋದು' ಎಂದು ತುಂಬಾ ಜನ ನೆಮ್ಮದಿಯಾಗಿರುತ್ತಾರೆ. ಕುಡಿಯುವ ನೀರಿನ ಯಂತ್ರಗಳಲ್ಲಿ ರುಚಿಗೋಸ್ಕರ ಸ್ವಲ್ಪ ಹಸಿನೀರನ್ನು ಮತ್ತೆ ಬೆರೆಸುವ ವ್ಯವಸ್ಥೆ ಇರುತ್ತದೆ. ಕೆಲವು ಮಾಡೆಲ್‌ಗಳಲ್ಲಿ ಆರೋಗ್ಯಕ್ಕೆ ಒಳ್ಳೆಯದೆಂದು ಬೇಕೆಂದೇ ತಾಮ್ರ ಸೇರಿಸುತ್ತಾರೆ. ಮನುಷ್ಯರಿಗೆ ತೊಂದರೆ ಇಲ್ಲ, ಅನಿಮೋನ್‌ಗೆ ಇದೆ. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಒಂದು ತಂದು ನೋಡಿ. ಟ್ಯಾಂಕಿಗೆ ಹಾಕುವ ನೀರು ಸೊನ್ನೆ ಅಥವಾ ಸೊನ್ನೆಗೆ ತೀರಾ ಹತ್ತಿರ ತೋರಿಸಬೇಕು. 60, 80 ತೋರಿಸಿದರೆ ಅದು ಕುಡಿಯಲಷ್ಟೇ ಸರಿ. ಬೋರ್‌ವೆಲ್ ನೀರಿಗೂ ಬೆಟ್ಟದ ಝರಿ ನೀರಿಗೂ ಇದೇ ಮಾತು. ಝರಿ ನೀರು ಕಣ್ಣಿಗೆ ಎಷ್ಟು ತಿಳಿಯಾಗಿದ್ದರೂ ಮೇಲಿನ ತೋಟಕ್ಕೆ ಔಷಧಿ ಹೊಡೆದ ಮೇಲೆ ಬಿದ್ದ ಮಳೆ ಅದಕ್ಕೇ ಬಂದು ಸೇರುವುದು. ಅಕ್ವೇರಿಯಂಗೆಂದೇ ಮಾಡಿದ ಆರ್‌ಓ, ಅದರ ಕೊನೆಗೆ ಉಳಿದ ಲವಣವನ್ನೂ ಹೀರುವ ಡಿಐ ರೆಸಿನ್ ಡಬ್ಬಿ, ಇದೇ ಸರಿಯಾದ ದಾರಿ.

ಗುರುತು ಹಿಡಿಯುವುದು ಹೀಗೆ. ಮೀನು ಚೆನ್ನಾಗಿವೆ, ಬೆನ್ನೆಲುಬಿಲ್ಲದವು ಒಂದೊಂದೇ ಸಾಯುತ್ತಿವೆ. ಬಸವನಹುಳು ಬೀಳುತ್ತದೆ, ಸೀಗಡಿ ಸಾಯುತ್ತದೆ, ಅನಿಮೋನ್ ಕುಗ್ಗಿ ಅಂಟು ಕಳೆದುಕೊಳ್ಳುತ್ತದೆ. ಹೀಗೆ ಕಂಡರೆ ಟೆಸ್ಟ್ ಕಿಟ್‌ಗಾಗಿ ಕಾಯಬೇಡಿ. ಮನೆಬಳಕೆಯ ಕಿಟ್‌ಗೆ ಸಣ್ಣ ಪ್ರಮಾಣ ಸಿಗದೆಯೂ ಇರಬಹುದು. ಹೊಸ ಟಬ್‌ನಲ್ಲಿ, ಖಾತ್ರಿ ಇರುವ ನೀರಿನಲ್ಲಿ ಉಪ್ಪು ಕಲಸಿ, ಅಷ್ಟೇ ತಾಪ, ಅಷ್ಟೇ ಉಪ್ಪಿಗೆ ತಂದು ಅನಿಮೋನನ್ನು ಅದಕ್ಕೆ ಸಾಗಿಸಿ. ಬುಡ ಕಲ್ಲು ಹಿಡಿದಿದ್ದರೆ ಕಲ್ಲಿನ ಸಮೇತ ಎತ್ತಿ. ದೊಡ್ಡ ಟ್ಯಾಂಕಿಗೆ ತಾಮ್ರ ಹೀರುವ ರೆಸಿನ್, ಹೊಸ ಇದ್ದಿಲು ಹಾಕಿ, ದಿನ ಬಿಟ್ಟು ದಿನ ಕಾಲುಭಾಗ ನೀರು ಬದಲಿಸಿ. ಮೂಡಿಗೆರೆಯ ಹುಡುಗ ಇಷ್ಟನ್ನೂ ಅದೇ ರಾತ್ರಿ ಮಾಡಿದ. ಅವನ ಅನಿಮೋನ್ ಉಳಿಯಿತು, ಪೂರ್ತಿ ಅರಳಲು ವಾರಗಳೇ ಹಿಡಿದವು.

ಗಾಳಿಯಿಂದ ಬರುವ ವಿಷ

ಮಳೆಗಾಲದಲ್ಲಿ ಕಿಟಕಿ ಬಾಗಿಲು ಮುಚ್ಚಿ, ಸಂಜೆ ಸೊಳ್ಳೆ ಬತ್ತಿ ಅಥವಾ ಲಿಕ್ವಿಡ್ ಮೆಷಿನ್ ಹಾಕುತ್ತೇವೆ ಅಲ್ವಾ? ಅದರೊಳಗಿನ ಕೀಟನಾಶಕ ಜಲಚರಗಳಿಗೆ ತುಂಬಾ ವಿಷ. ನೊರೆ ಎಬ್ಬಿಸಿ ನೀರಿನ ಕಸ ತೆಗೆಯುವ ಸ್ಕಿಮ್ಮರ್ ಮತ್ತು ಏರ್ ಪಂಪ್ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಬೆರೆಸುತ್ತವೆ. ಜಿರಳೆ ಸ್ಪ್ರೇ, ಫಿನಾಯಿಲ್, ಹೊಸ ಪೇಂಟ್ ಇವುಗಳದ್ದೂ ಇದೇ ಕಥೆ. ಟ್ಯಾಂಕ್ ಇರುವ ಕೋಣೆಗೆ ಸೊಳ್ಳೆ ಪರದೆ ಹಾಕಿಸಿ. ಅನುಮಾನ ಬಂದರೆ ಇದ್ದಿಲು ಬದಲಿಸಿ, ಸ್ಕಿಮ್ಮರ್‌ನ ಗಾಳಿ ಪೈಪನ್ನು ಕಿಟಕಿಯಿಂದ ಹೊರಗೆ ಬಿಡಿ. ಮುಚ್ಚಿದ ಮನೆಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿ ಪಿಎಚ್ 7.8ರ ಹತ್ತಿರ ಇಳಿಯುವುದೂ ಇದೆ, ಅದಕ್ಕೂ ಇದೇ ಪೈಪ್ ಪರಿಹಾರ. ಪಿಎಚ್ ಏರಿಸುವ ಪುಡಿ ಸುರಿಯಬೇಡಿ.

ಟ್ಯಾಂಕ್ ಇನ್ನೂ ಎಳೆಯದಾಗಿದ್ದರೆ

ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಇರಬೇಕು. ನೈಟ್ರೇಟ್ 5ರಿಂದ 15 ಪಿಪಿಎಂ ಇದ್ದರೆ ಒಳ್ಳೆಯದೇ, ಪೂರ್ತಿ ಸೊನ್ನೆ ಬೇಕಿಲ್ಲ. ಕ್ಷಾರೀಯತೆ (ಪಿಎಚ್ ಏರಿಳಿಯದಂತೆ ತಡೆಯುವ ಗುಣ, ಅದರ ಅಳತೆ ಡಿಕೆಎಚ್) 8ರಿಂದ 10ರ ನಡುವೆ ಒಂದೇ ಕಡೆ ನಿಲ್ಲಲಿ. ಟ್ಯಾಂಕ್ ಹಾಕಿ ಆರು ತಿಂಗಳೂ ಆಗಿಲ್ಲದಿದ್ದರೆ, ಕಿಟ್‌ನಲ್ಲಿ ಎಲ್ಲ ಸರಿ ಕಂಡರೂ ದಿನದಿಂದ ದಿನಕ್ಕೆ ಏರಿಳಿತ ಇರುತ್ತದೆ. ಅನಿಮೋನ್ ಸೊರಗಲು ಅದೇ ಸಾಕು. ಇದಕ್ಕೆ ಔಷಧಿ ಇಲ್ಲ. ತಂದ ಕಡೆಗೇ ವಾಪಸ್ ಕಳಿಸಲು ಆಗುವುದಾದರೆ ಕಳಿಸಿ, ಟ್ಯಾಂಕ್ ಹದವಾದ ಮೇಲೆ ತನ್ನಿ.

ಬೆಳ್ಳಗಾಗಿದ್ದರೆ

ಬಬಲ್ ಟಿಪ್ ಕಂದು, ಹಸಿರು, ಗುಲಾಬಿ ಬಣ್ಣಗಳಲ್ಲಿ ಬರುತ್ತದೆ. ಮೈಯೊಳಗಿನ ಪಾಚಿ ಬೆಳಕಿನಿಂದ ಆಹಾರ ಮಾಡಿ ಅದಕ್ಕೆ ಕೊಡುತ್ತದೆ. ಆ ಪಾಚಿ ಹೋದರೆ ಮೈ ಬೆಳ್ಳಗೆ, ಬೆಳಕು ತೂರುವಂತೆ ಕಾಣುತ್ತದೆ. ಹಾಲಿನಂಥ ಬಿಳಿ ಬಣ್ಣ ಅಂಗಡಿಯಲ್ಲಿ ಚಂದ ಕಂಡರೂ ಅದು ಹಸಿದ ಪ್ರಾಣಿ. ಕಡು ಹಳದಿ, ಕಡು ನೀಲಿ ಒಂದೇ ಸಮನಾಗಿ ಮೈತುಂಬ ಇದ್ದರೆ ಬಣ್ಣ ಹಾಕಿದ್ದೂ ಇರಬಹುದು. ಎರಡನ್ನೂ ಕೊಳ್ಳಬೇಡಿ.

ನಿಮ್ಮ ಟ್ಯಾಂಕಿಗೆ ಬಂದ ಮೇಲೆ ಬೆಳ್ಳಗಾಗತೊಡಗಿದರೆ ಲೈಟ್ ದಿಢೀರನೆ ಜಾಸ್ತಿಯಾಗಿದೆ, ಇಲ್ಲವೇ ನೀರಿನ ತಾಪ ಏರಿದೆ. ಲೈಟನ್ನು ಅರ್ಧಕ್ಕೆ ಇಳಿಸಿ. ವಾರಕ್ಕೆ ಶೇಕಡಾ ಐದರಿಂದ ಹತ್ತರಂತೆ ಮಾತ್ರ ಏರಿಸಿ. ಬೆಳಕಿನ ತೀವ್ರತೆ ಅಳೆಯುವ ಪಾರ್ ಮೀಟರ್ ಸಿಕ್ಕರೆ 150ರಿಂದ 250ರ ಜಾಗ ಸಾಕು. 'ಪಾಚಿ ಹೋಗಿದೆ, ಬೆಳಕು ಜಾಸ್ತಿ ಕೊಡೋಣ' ಎಂಬ ಯೋಚನೆ ಅದನ್ನು ಇನ್ನಷ್ಟು ಸುಡುತ್ತದೆ. ಬಣ್ಣ ಮರಳಲು ತಿಂಗಳುಗಳೇ ಬೇಕು. ಅಲ್ಲಿಯವರೆಗೆ ಎರಡು ಮೂರು ದಿನಕ್ಕೊಮ್ಮೆ ಚಿಕ್ಕ ಚಿಕ್ಕ ತುತ್ತು ಕೊಟ್ಟು ಉಳಿಸಿಕೊಳ್ಳಬೇಕು.

ತುತ್ತು ಉಗುಳಿದರೆ, ಮೀನು ಕಾಡಿದರೆ

ಉಗುಳಿದರೆ ತುತ್ತು ದೊಡ್ಡದಾಯಿತು, ಇಲ್ಲವೇ ಬೇಗ ಕೊಟ್ಟಿರಿ. ಮೊದಲ ವಾರ ಏನೂ ಬೇಡ. ಆಮೇಲೆ ಉಪ್ಪು, ಅರಿಶಿನ ತಾಗದ ಹಸಿ ಸೀಗಡಿಯನ್ನು ಆರ್‌ಓ ನೀರಿನಲ್ಲಿ ತೊಳೆದು, ಕಡಲೆಕಾಳಿನಷ್ಟು ಚೂರು ಮಾಡಿ ವಾರಕ್ಕೊಮ್ಮೆ ಕೊಡಿ. ಟೆಂಟಕಲ್ ಮೇಲೆ ಇಟ್ಟರೆ ಅದೇ ಬಾಯಿಗೆ ಒಯ್ಯುತ್ತದೆ. ಬಾಯೊಳಗೆ ತುರುಕಬೇಡಿ.

ಅನಿಮೋನ್ ನಡುವೆಯೇ ಮನೆ ಮಾಡುವ ಕ್ಲೌನ್ ಮೀನು ಹೊಸದನ್ನು ಕಂಡರೆ ಮೈಮೇಲೆ ಬಿದ್ದು ಉಜ್ಜುತ್ತದೆ. ಗಟ್ಟಿಯಾಗಿ ಕೂತ ಅನಿಮೋನ್‌ಗೆ ಅದು ಒಳ್ಳೆಯದು, ಬುಡವೇ ಹಿಡಿಯದಿದ್ದದ್ದಕ್ಕೆ ಹಿಂಸೆ. ಅರಳಿದರೂ ಮೀನು ನುಗ್ಗಿದೊಡನೆ ಮುದುಡುತ್ತಿದ್ದರೆ, ತೂತಿರುವ ಪ್ಲಾಸ್ಟಿಕ್ ಬುಟ್ಟಿಯಲ್ಲಿ ಮೀನನ್ನು ಕೆಲವು ದಿನ ಬೇರೆ ಇಡಿ.

ಎಲ್ಲ ಸರಿ ಇದ್ದೂ ಕುಗ್ಗುತ್ತಲೇ ಇದ್ದರೆ

ತಾಪ, ಉಪ್ಪು, ಅಮೋನಿಯಾ, ತಾಮ್ರ, ಲೈಟ್ ಎಲ್ಲ ನೋಡಿಯಾಯಿತು. ಆದರೂ ದಿನಕ್ಕೆ ಹಲವು ಸಲ ಪೂರ್ತಿ ಕುಗ್ಗಿ, ಪ್ರತಿ ಸಲವೂ ಹಿಂದಿನಷ್ಟು ಅರಳದೆ, ಬಾಯಿ ಸಡಿಲವಾಗುತ್ತಾ ಹೋಗುತ್ತಿದೆ ಅನ್ನಿ. ಆಗ ಬ್ಯಾಕ್ಟೀರಿಯಾ ಸೋಂಕಿನ ಅನುಮಾನ ಬರಬೇಕು. ದೂರದಿಂದ ಬಂದ ಕಾರ್ಪೆಟ್, ಮ್ಯಾಗ್ನಿಫಿಸೆಂಟ್ ಜಾತಿಗಳಲ್ಲಿ ಇದು ಜಾಸ್ತಿ. ಇದಕ್ಕೆ ಬೇರೆ ಟ್ಯಾಂಕಿನಲ್ಲಿ ಸಿಪ್ರೊಫ್ಲಾಕ್ಸಾಸಿನ್ ಕೊಡುವ ಪದ್ಧತಿ ಸಾಕುವವರಲ್ಲಿ ಇದೆ. ಸುಮಾರು 38 ಲೀಟರಿಗೆ 250 ಮಿಲಿಗ್ರಾಂ, ದಿನವೂ ನೀರು ಬದಲಿಸಿ ಹೊಸ ಡೋಸ್, ಒಂದು ವಾರ. ಬೆಳಕಿಗೆ ಆ ಔಷಧಿ ಶಕ್ತಿ ಕಳೆದುಕೊಳ್ಳುವುದರಿಂದ ಸಂಜೆ ಲೈಟ್ ಆರಿದ ಮೇಲೆ ಹಾಕುತ್ತಾರೆ. ಇದು ಚೀಟಿ ಬೇಕಾದ ಆ್ಯಂಟಿಬಯಾಟಿಕ್. ಪಶುವೈದ್ಯರನ್ನು ಕೇಳದೆ ಶುರು ಮಾಡಬೇಡಿ. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ, ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕಾ ಕಾಲೇಜು ಇದೆ. ಅಲ್ಲಿ ವಿಚಾರಿಸಿ ನೋಡಿ. ಮುಖ್ಯ ಟ್ಯಾಂಕಿಗೆ ಮಾತ್ರ ಹಾಕಲೇಬೇಡಿ, ನೀರು ಶುದ್ಧ ಮಾಡುವ ಬ್ಯಾಕ್ಟೀರಿಯಾ ಸತ್ತು ಇಡೀ ಟ್ಯಾಂಕ್ ಕೆಡಬಹುದು. ಔಷಧಿ ನೀರನ್ನು ತೋಟಕ್ಕೂ ಹಳ್ಳಕ್ಕೂ ಚೆಲ್ಲಬೇಡಿ.

ಕೈ ಮೀರಿದಾಗ

ಮೈ ಲೋಳೆಯಾಗಿ ಕರಗುತ್ತಿದೆ, ಮುಟ್ಟಿದರೆ ಬಿಡಿಸಿಕೊಳ್ಳುತ್ತದೆ, ನೀರಿನಿಂದ ಸ್ವಲ್ಪ ಮೇಲೆತ್ತಿದರೆ ಕೊಳೆತ ವಾಸನೆ ಹೊಡೆಯುತ್ತದೆ. ಹಾಗಾದರೆ ಅದು ಸತ್ತಿದೆ. ಒಂದು ಗಂಟೆಯೂ ಬಿಡದೆ ಹೊರಗೆ ತೆಗೆಯಿರಿ. ಬಲೆಯಲ್ಲಿ ಎತ್ತಿದರೆ ಹರಿದು ಚೂರುಗಳು ಉಳಿಯುತ್ತವೆ, ಪ್ಲಾಸ್ಟಿಕ್ ಡಬ್ಬಿಯನ್ನು ನೀರೊಳಗೆ ಇಳಿಸಿ ಅದರೊಳಗೆ ಸರಿಸಿ ಎತ್ತಿ. ಚಿಕ್ಕ ಟ್ಯಾಂಕಿನಲ್ಲಿ ಸತ್ತ ಅನಿಮೋನ್ ಒಂದೇ ರಾತ್ರಿಯಲ್ಲಿ ಅಮೋನಿಯಾ ಏರಿಸಿ ಮೀನುಗಳನ್ನೂ ಒಯ್ಯಬಹುದು. ಕೂಡಲೇ ಮೂರನೇ ಒಂದು ಭಾಗ ನೀರು ಬದಲಿಸಿ, ಹೊಸ ಇದ್ದಿಲು ಹಾಕಿ, ಮಾರನೇ ದಿನ ಅಮೋನಿಯಾ ಅಳೆದು ನೋಡಿ.

ಇನ್ನೊಂದು ಅನಿಮೋನ್ ತರುವ ಮುಂಚೆ ಕಾರಣ ಕೈಗೆ ಸಿಗಬೇಕು. ಎಲ್ಲ ಸರಿಪಡಿಸಿದ ಮೇಲೆ ನಾಲ್ಕೈದು ಬಸವನಹುಳು, ಒಂದು ಕ್ಲೀನರ್ ಸೀಗಡಿ ಬಿಟ್ಟು ತಿಂಗಳು ಕಾಯಿರಿ. ಸೀಗಡಿ ಆ ತಿಂಗಳಲ್ಲಿ ಸರಾಗವಾಗಿ ಪೊರೆ ಬಿಟ್ಟು ಓಡಾಡಿಕೊಂಡಿದ್ದರೆ, ಬಸವನಹುಳು ಗಾಜಿನ ಮೇಲೇ ಇದ್ದರೆ, ಬೆಳಗಿನ ಜಾವದ ತಾಪ 24ಕ್ಕಿಂತ ಕೆಳಗೆ ಹೋಗದಿದ್ದರೆ ಅಂಗಡಿಗೆ ಫೋನ್ ಮಾಡಿ. ತರಿಸುವ ಮುಂಚೆ ಅದೇ ದಿನ ತೆಗೆದ ವಿಡಿಯೋ ಕೇಳಿ, ಬಾಯಿಯೂ ಬುಡವೂ ಎರಡೂ ಕಾಣುವ ಹಾಗೆ.